ವ್ಯವಸ್ಥಾಪಕನ ಸಾಧನೆಯನ್ನು ಅಳೆಯುವ ಬಗೆ: ಡೆಟ್ರಾಯಿಟ್ ಫುಟ್‌ಬಾಲ್ ತಂಡದ ಎರಡು ಖಾತೆಗಳು

ವರ್ಷಾಂತ್ಯದಲ್ಲಿ ಲಾಭ-ನಷ್ಟ ಖಾತೆಯ ಕೊನೆಯ ಸಾಲನ್ನು ನೋಡಿ ವ್ಯವಸ್ಥಾಪಕನನ್ನು ಹೊಗಳುವುದು ಅಥವಾ ಮನೆಗೆ ಕಳುಹಿಸುವುದು ವ್ಯಾಪಾರ ಜಗತ್ತಿನಲ್ಲಿ ಸಾಮಾನ್ಯ. ಆ ಒಂದು ಸಾಲನ್ನು ಎಷ್ಟರ ಮಟ್ಟಿಗೆ ನಂಬಬಹುದು? ಮಾಲೀಕನು ಎಷ್ಟು ಕಾಲ ಕಾಯಬೇಕು? ಕಾಯುವುದು ಯಾವಾಗ ತಾಳ್ಮೆಯಾಗಿ ಉಳಿಯದೆ ಅಲಕ್ಷ್ಯವಾಗುತ್ತದೆ? ಈ ಪ್ರಶ್ನೆಗಳಿಗೆ ಅಮೆರಿಕೆಯ ಡೆಟ್ರಾಯಿಟ್ ಲಯನ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡದ ಇತಿಹಾಸವು ಉತ್ತಮ ಪಾಠವನ್ನು ಒದಗಿಸುತ್ತದೆ. 1960ರ ದಶಕದಿಂದ ಫೋರ್ಡ್ ಮೋಟಾರು ಮನೆತನದ ಒಡೆತನದಲ್ಲಿರುವ ಈ ತಂಡದಲ್ಲಿ ಇಬ್ಬರು ವ್ಯವಸ್ಥಾಪಕರ ಆರಂಭದ ಫಲಿತಾಂಶಗಳು ಹೆಚ್ಚುಕಡಿಮೆ ಒಂದೇ ತೆರನಾಗಿದ್ದವು. ಅಂತ್ಯ ಮಾತ್ರ ತೀರಾ ಭಿನ್ನವಾಯಿತು.

ಹುದ್ದೆಯ ಸ್ವರೂಪ

ಇಲ್ಲಿ ಹೇಳುತ್ತಿರುವುದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್ ಕುರಿತು. ಇದರ ಪ್ರಮುಖ ಸಂಘವಾದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ 32 ತಂಡಗಳಿವೆ. ಪ್ರತಿ ತಂಡದ ಜನರಲ್ ಮ್ಯಾನೇಜರ್ ಸ್ವತಃ ಆಡುವುದಿಲ್ಲ, ಆಟವನ್ನು ಕಲಿಸುವುದೂ ಇಲ್ಲ. ಆಟಗಾರರನ್ನು ಆಯ್ಕೆ ಮಾಡುವುದು, ಅವರೊಡನೆ ವೇತನದ ಒಪ್ಪಂದ ಮಾಡಿಕೊಳ್ಳುವುದು, ಇತರ ತಂಡಗಳೊಡನೆ ಆಟಗಾರರನ್ನು ವಿನಿಮಯ ಮಾಡಿಕೊಳ್ಳುವುದು, ತರಬೇತುದಾರನ ನೇಮಕದಲ್ಲಿ ಮುಖ್ಯ ಪಾತ್ರ ವಹಿಸುವುದು ಆತನ ಕೆಲಸ. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಕಚ್ಚಾಮಾಲಿನ ಖರೀದಿ, ಯಂತ್ರಗಳ ಆಯ್ಕೆ ಮತ್ತು ಮೇಲ್ವಿಚಾರಕನ ನೇಮಕ ಅವನವು.

ಆತನಿಗೆ ದೊರೆಯುವ ಬಂಡವಾಳ ಎರಡು ಬಗೆಯದು. ಮೊದಲನೆಯದು, ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ‘ಡ್ರಾಫ್ಟ್’ನಲ್ಲಿನ ಹಕ್ಕು. ಏಳು ಸುತ್ತುಗಳ ಈ ವಾರ್ಷಿಕ ಆಯ್ಕೆಯಲ್ಲಿ, ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಈ ಸರದಿಗಳನ್ನು ಹುಂಡಿಯಂತೆ ಇತರ ತಂಡಗಳಿಗೆ ವರ್ಗಾಯಿಸಲೂಬಹುದು. ಎರಡನೆಯದು, ಎಲ್ಲ ತಂಡಗಳಿಗೂ ಸಮಾನವಾಗಿ ಅನ್ವಯಿಸುವ ವೇತನ ಮಿತಿ. 1994ರಲ್ಲಿ ಜಾರಿಗೆ ಬಂದಾಗ ಇದು 3.46 ಕೋಟಿ ಡಾಲರ್ ಇತ್ತು, 2024ರಲ್ಲಿ 25.54 ಕೋಟಿ ಡಾಲರ್ ಆಗಿತ್ತು.

ಗಲ್ಲಾಪೆಟ್ಟಿಗೆ ನೀಡದ ಎಚ್ಚರಿಕೆ

ಲೀಗ್‌ನ ರಾಷ್ಟ್ರೀಯ ದೂರದರ್ಶನ ಹಕ್ಕುಗಳ ಆದಾಯವನ್ನು ಎಲ್ಲ ತಂಡಗಳಿಗೂ ಸಮನಾಗಿ ಹಂಚಲಾಗುತ್ತದೆ. ಆದ್ದರಿಂದ ಸತತವಾಗಿ ಸೋಲುವ ತಂಡದ ಮಾಲೀಕನಿಗೂ ಹಣದ ಹರಿವು ನಿಲ್ಲುವುದಿಲ್ಲ. ಗಲ್ಲಾಪೆಟ್ಟಿಗೆಯನ್ನಷ್ಟೇ ನೋಡುವ ಮಾಲೀಕನಿಗೆ ಕುಸಿತದ ಅರಿವು ಬಹಳ ತಡವಾಗಿ ಆಗುತ್ತದೆ. ಹಳೆಯ ಗ್ರಾಹಕರ ಬಲದಿಂದ ನಡೆಯುತ್ತಿರುವ ಅಂಗಡಿಗೂ ಈ ಮಾತು ಅನ್ವಯಿಸುತ್ತದೆ.

ಮೊದಲ ಖಾತೆ: 2001ರಿಂದ 2008

2001ರ ಜನವರಿಯಲ್ಲಿ ಮ್ಯಾಟ್ ಮಿಲನ್ ಅವರು ತಂಡದ ಅಧ್ಯಕ್ಷ ಮತ್ತು ಮುಖ್ಯ ಕಾರ್ಯನಿರ್ವಾಹಕರಾಗಿ ನೇಮಕಗೊಂಡರು. ಜನರಲ್ ಮ್ಯಾನೇಜರನ ಅಧಿಕಾರಗಳೂ ಅವರಲ್ಲೇ ಇದ್ದವು. ಅವರು ಹೆಸರಾಂತ ಮಾಜಿ ಆಟಗಾರರು, ದೂರದರ್ಶನದ ವೀಕ್ಷಕ ವಿವರಣೆಕಾರರು. ಆದರೆ ತಂಡದ ಆಡಳಿತದಲ್ಲಿ ಅನುಭವವಿರಲಿಲ್ಲ. ಮೊದಲ ವರ್ಷ 16 ಪಂದ್ಯಗಳಲ್ಲಿ 2, ಎರಡನೆಯ ವರ್ಷ 3, ಅನಂತರ 5 ಮತ್ತು 6 ಗೆಲುವುಗಳು ಬಂದವು. ನಾಲ್ಕು ವರ್ಷಗಳ 64 ಪಂದ್ಯಗಳಲ್ಲಿ ಕೇವಲ 16 ಗೆಲುವುಗಳಿದ್ದರೂ 2005ರಲ್ಲಿ ಅವರ ಒಪ್ಪಂದವನ್ನು ಮುಂದುವರಿಸಲಾಯಿತು.

2003, 2004 ಮತ್ತು 2005ರ ಮೂರೂ ಡ್ರಾಫ್ಟ್‌ಗಳಲ್ಲಿ ಮೊದಲ ಸುತ್ತಿನ ಸರದಿಯನ್ನು ಒಂದೇ ಸ್ಥಾನಕ್ಕೆ, ಅಂದರೆ ದೂರದಿಂದ ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರರಿಗೆ, ವ್ಯಯಿಸಲಾಯಿತು. ಗೋದಾಮಿನಲ್ಲಿ ಒಂದೇ ಸರಕನ್ನು ತುಂಬಿ ಉಳಿದ ಕಪಾಟುಗಳನ್ನು ಬರಿದಾಗಿಟ್ಟಂತಾಯಿತು. ಇದೇ ಅವಧಿಯಲ್ಲಿ ಪೂರ್ಣಾವಧಿ ತರಬೇತುದಾರರಾಗಿ ಮೂವರು ನೇಮಕಗೊಂಡರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯಿದೆ. ಮೇಲ್ವಿಚಾರಕರು ಒಬ್ಬರಾದ ಮೇಲೊಬ್ಬರು ವಿಫಲರಾದಾಗ, ನೇಮಿಸಿದವನನ್ನೂ ಪ್ರಶ್ನಿಸುವುದು ಮಾಲೀಕನ ಕರ್ತವ್ಯ.

2008ರ ಋತುವಿನ ಮೊದಲ ಮೂರು ಪಂದ್ಯಗಳಲ್ಲೂ ಸೋಲಾಯಿತು. ಮಾಲೀಕರಾದ ವಿಲಿಯಂ ಕ್ಲೇ ಫೋರ್ಡ್ ಅವರ ಪುತ್ರ, ತಂಡದ ಉಪಾಧ್ಯಕ್ಷ ಬಿಲ್ ಫೋರ್ಡ್, ನಿರ್ಧಾರ ತಮ್ಮ ಕೈಯಲ್ಲಿದ್ದಿದ್ದರೆ ಬದಲಾವಣೆ ಮಾಡುತ್ತಿದ್ದುದಾಗಿ ಬಹಿರಂಗವಾಗಿ ಹೇಳಿದರು. ಸೆಪ್ಟೆಂಬರ್ 24ರಂದು ಮಿಲನ್ ಅವರ ಅಧಿಕಾರ ಕೊನೆಗೊಂಡಿತು. ಒಟ್ಟು ಲೆಕ್ಕ: 31 ಗೆಲುವು, 84 ಸೋಲು. ಅವರು ಹೋದ ಬಳಿಕವೂ ಆ ವರ್ಷದ ಉಳಿದ 13 ಪಂದ್ಯಗಳನ್ನು ತಂಡ ಸೋತಿತು. 16 ಪಂದ್ಯಗಳ ಋತುವಿನಲ್ಲಿ ಒಂದನ್ನೂ ಗೆಲ್ಲದ ಮೊದಲ ತಂಡವೆನಿಸಿತು. ಹದಿಮೂರು ಸೋಲುಗಳು ನಡೆದದ್ದು ಉತ್ತರಾಧಿಕಾರಿಯ ಕಾಲದಲ್ಲಾದರೂ ಬಾಕಿ ಹಿಂದಿನವರದು. ಹಾಗೆಯೇ, 2007ರಲ್ಲಿ ಮಿಲನ್ ಆರಿಸಿದ ಕ್ಯಾಲ್ವಿನ್ ಜಾನ್ಸನ್ ಮುಂದೆ ಅಪ್ರತಿಮ ಆಟಗಾರನಾಗಿ, 2021ರಲ್ಲಿ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದರು. ಆ ಜಮೆಯನ್ನೂ ಮಿಲನ್ ಅವರ ಖಾತೆಗೇ ಬರೆಯುವುದು ನ್ಯಾಯ.

ಎರಡನೆಯ ಖಾತೆ: 2021ರ ನಂತರ

2021ರ ಜನವರಿಯಲ್ಲಿ ಬ್ರಾಡ್ ಹೋಮ್ಸ್ ಜನರಲ್ ಮ್ಯಾನೇಜರ್ ಆದರು. ಅವರು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದಲ್ಲಿ ಕಾಲೇಜು ಆಟಗಾರರ ಪರಿಶೀಲನಾ ವಿಭಾಗದ ಮುಖ್ಯಸ್ಥರಾಗಿದ್ದವರು. ಡೆಟ್ರಾಯಿಟ್‌ನ ಹಿರಿಯ ಆಟಗಾರ ಮ್ಯಾಥ್ಯೂ ಸ್ಟ್ಯಾಫರ್ಡ್‌ರನ್ನು ರ‍್ಯಾಮ್ಸ್‌ಗೆ ಬಿಟ್ಟುಕೊಟ್ಟು, ಪ್ರತಿಯಾಗಿ ಜೇರೆಡ್ ಗಾಫ್ ಎಂಬ ಆಟಗಾರನನ್ನೂ 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳನ್ನೂ 2021ರ ಮೂರನೆಯ ಸುತ್ತಿನ ಸರದಿಯನ್ನೂ ಪಡೆದರು.

ಮೊದಲ ವರ್ಷದ ಫಲಿತಾಂಶ: 3 ಗೆಲುವು, 13 ಸೋಲು, 1 ಸಮ. ಅದೇ ವೇಳೆಗೆ, 2022ರ ಫೆಬ್ರವರಿಯಲ್ಲಿ, ಬಿಟ್ಟುಕೊಟ್ಟ ಸ್ಟ್ಯಾಫರ್ಡ್ ರ‍್ಯಾಮ್ಸ್ ಪರ ಆಡಿ ಸೂಪರ್ ಬೌಲ್ ಗೆದ್ದರು. 2022ರ ಋತು ಒಂದು ಗೆಲುವು, ಆರು ಸೋಲುಗಳೊಂದಿಗೆ ಆರಂಭವಾಯಿತು. ಅಲ್ಲಿಗೆ ಒಟ್ಟು 24 ಪಂದ್ಯಗಳಲ್ಲಿ 4 ಗೆಲುವುಗಳು. ಮಿಲನ್ ಅವರ ಆರಂಭವೂ ಇದಕ್ಕಿಂತ ಕೆಟ್ಟದಾಗಿರಲಿಲ್ಲ. ಆದರೂ ಮಾಲೀಕರಾದ ಶೀಲಾ ಫೋರ್ಡ್ ಹ್ಯಾಂಪ್ ಅವರು ಆ ಅಕ್ಟೋಬರಿನಲ್ಲಿ ಪತ್ರಕರ್ತರ ಮುಂದೆ ಬಂದು ಮರುನಿರ್ಮಾಣದ ಕಾರ್ಯಕ್ಕೆ ತಮ್ಮ ಬೆಂಬಲ ಸೂಚಿಸಿದರು. ಉಳಿದ 10 ಪಂದ್ಯಗಳಲ್ಲಿ 8 ಗೆಲುವುಗಳು ಬಂದವು. 2023ರ ಋತುವಿನಲ್ಲಿ 12, 2024ರಲ್ಲಿ 15 ಗೆಲುವುಗಳಾದವು. 2024ರ ಜನವರಿಯಲ್ಲಿ ರ‍್ಯಾಮ್ಸ್ ವಿರುದ್ಧವೇ, ಗಾಫ್ ಅವರನ್ನೇ ಮುಂದಿಟ್ಟುಕೊಂಡು, ತಂಡವು 32 ವರ್ಷಗಳ ಬಳಿಕ ಮೊದಲ ಪ್ಲೇಆಫ್ ಗೆಲುವನ್ನು ಪಡೆಯಿತು.

ವ್ಯತ್ಯಾಸ ಅಡಗಿರುವುದೆಲ್ಲಿ?

ಲಾಭ-ನಷ್ಟ ಖಾತೆಯಲ್ಲಿ ಕಾಣದ ವ್ಯತ್ಯಾಸವು ಅಢಾವೆ ಪತ್ರಿಕೆಯಲ್ಲಿ ಕಾಣುತ್ತದೆ. ಆಟಗಾರನಿಗೆ ಮುಂಗಡವಾಗಿ ನೀಡುವ ಬೋನಸ್ಸನ್ನು ವೇತನ ಮಿತಿಯ ಲೆಕ್ಕದಲ್ಲಿ ಗರಿಷ್ಠ ಐದು ವರ್ಷಗಳಿಗೆ ಹಂಚಬಹುದು. ಒಂದು ಕೋಟಿ ಡಾಲರ್ ಬೋನಸ್ ನೀಡಿದರೆ ವರ್ಷಕ್ಕೆ 20 ಲಕ್ಷದಂತೆ ಖರ್ಚು ಬೀಳುತ್ತದೆ. ಎರಡು ವರ್ಷಗಳ ಬಳಿಕ ಆತನನ್ನು ಕೈಬಿಟ್ಟರೆ ಉಳಿದ 60 ಲಕ್ಷವೂ ಮಿತಿಯನ್ನು ತಿನ್ನುತ್ತದೆ. ಯಂತ್ರ ಮಾರಿಹೋದರೂ ಸವಕಳಿ ಮುಗಿಯದೆ ಉಳಿದಂತೆ. ಈ ‘ಸತ್ತ ಹಣ’ದ ಭಾರವೆಷ್ಟು ಎಂಬುದು ಗೆಲುವಿನ ಪಟ್ಟಿಯಲ್ಲಿ ಕಾಣುವುದಿಲ್ಲ.

ಸ್ಟ್ಯಾಫರ್ಡ್‌ರನ್ನು ಬಿಟ್ಟಾಗ ಇಂಥ ಉಳಿಕೆಯನ್ನು ಡೆಟ್ರಾಯಿಟ್ 2021ರ ಲೆಕ್ಕದಲ್ಲೇ ವಜಾ ಹಾಕಿತು. ಬಾರದ ಸಾಲವನ್ನು ಮೊದಲ ವರ್ಷವೇ ವಜಾ ಹಾಕುವ ವ್ಯಾಪಾರಿಯ ಖಾತೆ ಆ ವರ್ಷ ಕೆಟ್ಟದಾಗಿಯೇ ಕಾಣುತ್ತದೆ. ಮುಂದಿನ ವರ್ಷಗಳು ಹಗುರಾಗುತ್ತವೆ. 2022ರ ಅಕ್ಟೋಬರಿನಲ್ಲಿ ಗೆಲುವುಗಳು ಕಡಿಮೆಯಿದ್ದರೂ ಆಸ್ತಿಯ ಬದಿಯಲ್ಲಿ ರ‍್ಯಾಮ್ಸ್‌ನ 2023ರ ಸರದಿ ಭದ್ರವಾಗಿತ್ತು. 2021ರಲ್ಲಿ ಆರಿಸಿದ ಪೆನೇ ಸ್ಯುಯೆಲ್, ನಾಲ್ಕನೆಯ ಸುತ್ತಿನಲ್ಲಿ ದೊರೆತ ಆಮನ್-ರಾ ಸೇಂಟ್ ಬ್ರೌನ್ ಅವರಂಥ ಯುವಕರಿದ್ದರು. ಅಡಿಕೆ ಸಸಿ ನೆಟ್ಟ ಎರಡನೆಯ ವರ್ಷ ಫಸಲು ಕೇಳುವವನಿಲ್ಲ. ಆದರೆ ಸಸಿ ಚಿಗುರಿದೆಯೇ ಒಣಗಿದೆಯೇ ಎಂಬುದನ್ನು ಎರಡನೆಯ ವರ್ಷವೇ ನೋಡಬಹುದು. ಮಿಲನ್ ಅವರ ತೋಟವನ್ನು ನಾಲ್ಕನೆಯ ವರ್ಷವಾದರೂ ನಡೆದು ನೋಡಬೇಕಿತ್ತು.

ಮಾಲೀಕನು ಕೇಳಬೇಕಾದ ಪ್ರಶ್ನೆಗಳು

ವ್ಯವಸ್ಥಾಪಕನನ್ನು ನೇಮಿಸಿಕೊಳ್ಳುವ ವ್ಯಾಪಾರಿಗಳೂ ಸಣ್ಣ ಕೈಗಾರಿಕೋದ್ಯಮಿಗಳೂ ಈ ಪ್ರಸಂಗದಿಂದ ಐದು ಪ್ರಶ್ನೆಗಳನ್ನು ರೂಪಿಸಿಕೊಳ್ಳಬಹುದು.

1. ಆತ ಅಧಿಕಾರ ವಹಿಸಿಕೊಂಡ ದಿನ ಸಂಸ್ಥೆಯ ಆಸ್ತಿ, ಸಾಲ, ಹಳೆಯ ದಾಸ್ತಾನು ಎಷ್ಟಿತ್ತು? ಆ ದಿನದ ಪಟ್ಟಿ ಇಲ್ಲದೆ ಹೋಲಿಕೆ ಅಸಾಧ್ಯ.

2. ಈ ವರ್ಷದ ನಷ್ಟದಲ್ಲಿ ಹಿಂದಿನವರ ಬಾಕಿ ಎಷ್ಟು, ಈತನ ನಿರ್ಧಾರಗಳ ಫಲ ಎಷ್ಟು?

3. ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಭವಿಷ್ಯಕ್ಕೆ ಏನು ಗಳಿಸಲಾಗಿದೆ? ಅದನ್ನು ಹೆಸರಿಸಿ, ಎಣಿಸಿ ತೋರಿಸಲು ಸಾಧ್ಯವೇ?

4. ಒಂದೇ ತಪ್ಪು ಮರುಕಳಿಸುತ್ತಿದೆಯೇ? ಒಮ್ಮೆ ಆದದ್ದು ಅದೃಷ್ಟದ ಮಾತಿರಬಹುದು; ಮೂರು ಬಾರಿ ಆದದ್ದು ವಿಧಾನದ ದೋಷ.

5. ಪರಿಶೀಲನೆಯ ದಿನವನ್ನೂ ಅಳತೆಗೋಲನ್ನೂ ನೇಮಕದ ದಿನವೇ ಬರೆದಿಡಲಾಗಿದೆಯೇ?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಅಳತೆಗೋಲು ಮೊದಲೇ ನಿಶ್ಚಯವಾಗಿರದಿದ್ದಲ್ಲಿ, ಪ್ರೀತಿಪಾತ್ರನಾದ ವ್ಯವಸ್ಥಾಪಕನು ಏಳು ವರ್ಷ ಸೋತರೂ ಉಳಿಯುತ್ತಾನೆ. ಸಮರ್ಥನಾದವನು ಒಂದು ಕೆಟ್ಟ ವರ್ಷಕ್ಕೇ ಹೊರನಡೆಯುತ್ತಾನೆ. ಒಂದೇ ಮನೆತನದ ಒಡೆತನದಲ್ಲಿ ತಾಳ್ಮೆಯು ಒಮ್ಮೆ ನಷ್ಟವನ್ನೂ ಮತ್ತೊಮ್ಮೆ ಲಾಭವನ್ನೂ ತಂದಿತು. ಮೊದಲ ಸಲ ಪುಸ್ತಕದಲ್ಲಿ ಕಾಯುವುದಕ್ಕೆ ತಕ್ಕ ಆಸ್ತಿ ಇರಲಿಲ್ಲ. ಎರಡನೆಯ ಸಲ ಇತ್ತು. ಕಾಯುವ ಮುನ್ನ ಪುಸ್ತಕ ತೆರೆದು ನೋಡುವುದೇ ಮಾಲೀಕನ ಕೆಲಸ.