ಕಳವಾರ ಸೀಮೆಗೆ ಒಪ್ಪುವ ಹಣ್ಣಿನ ಮರಗಳು: ಆಯ್ಕೆಯೂ ನೆಡುವ ಕ್ರಮವೂ

ರಾಗಿಯನ್ನೋ ಅವರೆಯನ್ನೋ ಬಿತ್ತಿದ ರೈತನು ತಳಿಯ ಆಯ್ಕೆಯಲ್ಲಿ ತಪ್ಪಿದರೆ ಆ ತಪ್ಪು ಒಂದು ಸುಗ್ಗಿಗೆ ತೀರಿಹೋಗುತ್ತದೆ. ಮಾವಿನ ಸಸಿಯನ್ನು ನೆಟ್ಟವನಿಗಾದರೋ, ನಾಲ್ಕೈದು ವರ್ಷ ನೀರು ಹೊತ್ತು, ಬೇಲಿ ಕಟ್ಟಿ, ದನಕರುಗಳಿಂದ ಕಾಪಾಡಿದ ಮೇಲೆಯೇ ಅದು ತನ್ನ ಜಮೀನಿಗೆ ಒಪ್ಪಿತೋ ಇಲ್ಲವೋ ಎಂಬುದು ಗೊತ್ತಾಗುವುದು. ಅಷ್ಟರಲ್ಲಿ ಸಸಿ ಮಾರಿದವನು ಎಲ್ಲಿರುವನೋ ತಿಳಿಯದು. ಆದ್ದರಿಂದ ಹಣ್ಣಿನ ತೋಟವನ್ನು ಹಾಕಬೇಕೆಂದಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಬೇಸಾಯಗಾರರು ಹಣವನ್ನು ಕೈಯಿಂದ ಬಿಡುವುದಕ್ಕೆ ಮುಂಚೆ ಆಲೋಚಿಸತಕ್ಕ ಕೆಲವು ವಿಷಯಗಳನ್ನು ಇಲ್ಲಿ ಹೇಳಿದೆ.

ಹಳ್ಳಿಗಳಲ್ಲಿ ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯು, "ಸ್ವಾಮಿ, ಈಗ ಯಾವ ಹಣ್ಣಿಗೆ ಬೆಲೆ ಇದೆ?" ಎಂಬುದು. ಈಗಿನ ಬೆಲೆಯು ಈಗ ಫಲ ಬಿಡುತ್ತಿರುವ ಮರದ ಯಜಮಾನನಿಗೆ ಸಲ್ಲತಕ್ಕದ್ದು. ಈಗ ಸಸಿ ನೆಡುವವನಿಗೆ ಅದರಿಂದ ಪ್ರಯೋಜನವಿಲ್ಲ. ಅವನು ಮೊದಲು ಕೇಳಿಕೊಳ್ಳಬೇಕಾದದ್ದೇನೆಂದರೆ, ಮಳೆ ಕೈಕೊಟ್ಟ ವರ್ಷದ ಏಪ್ರಿಲ್ ತಿಂಗಳಲ್ಲಿ ತನ್ನ ಜಮೀನಿನಲ್ಲಿ ಎಷ್ಟು ನೀರಿರುತ್ತದೆ, ಆ ನೀರಿನಿಂದ ಯಾವ ಮರವು ಬದುಕೀತು ಎಂಬುದು.

ಸೀಮೆಯ ಹವಾಗುಣ

ಈ ನಾಲ್ಕು ತಾಲ್ಲೂಕುಗಳು ಹಿಂದೆ ಕೋಲಾರ ಜಿಲ್ಲೆಗೆ ಸೇರಿದ್ದು, ೨೦೦೭ನೆಯ ಇಸವಿಯಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ನಂದಿಬೆಟ್ಟ, ಕಳವಾರ ಬೆಟ್ಟ ಮೊದಲಾದ ಗಿರಿಸಾಲಿನಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಮುಂತಾದ ಹೊಳೆಗಳು ಹುಟ್ಟಿದರೂ ವರ್ಷವೆಲ್ಲಾ ಹರಿಯುವ ಹೊಳೆ ಒಂದೂ ಇಲ್ಲ. ಮಳೆಯು ವರ್ಷಕ್ಕೆ ಸುಮಾರು ೨೮ರಿಂದ ೩೦ ಅಂಗುಲ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಡಿಸೆಂಬರಿನಿಂದ ಏಪ್ರಿಲಿನವರೆಗೆ ಭೂಮಿಗೆ ಬೀಳುವ ಮಳೆಯು ಲೆಕ್ಕಕ್ಕೆ ಬರುವಂಥಾದ್ದಲ್ಲ. ಮಾರ್ಚಿ ಕಳೆದ ಮೇಲೆ ಬರುವ ಬಿರುಮಳೆಯೊಂದಿಗೆ ಆಲಿಕಲ್ಲು ಬಿದ್ದು ದ್ರಾಕ್ಷಿಯ ಗೊನೆಗಳೂ ಮಾವಿನ ಕಾಯಿಗಳೂ ಹಾಳಾಗುವುದುಂಟು.

ನಾಲ್ಕು ತಾಲ್ಲೂಕುಗಳ ಹವೆಯೂ ಒಂದೇ ಎಂದು ತಿಳಿಯಕೂಡದು. ಚಿಕ್ಕಬಳ್ಳಾಪುರದ ಪೇಟೆಯು ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿದೆ. ಚಿಂತಾಮಣಿ ಮತ್ತು ಶಿಡ್ಲಘಟ್ಟಗಳು ಅದಕ್ಕೆ ಸ್ವಲ್ಪ ಕೆಳಗೆ. ಗೌರಿಬಿದನೂರು ಸುಮಾರು ೨,೩೦೦ ಅಡಿಗೆ ಇಳಿದಿದೆ. ಸಾವಿರ ಅಡಿ ಇಳಿದರೆ ಸುಮಾರು ೨ ಡಿಗ್ರಿ ಸೆಂಟಿಗ್ರೇಡಿನಷ್ಟು ಸೆಕೆ ಏರುತ್ತದೆ. ಈ ವ್ಯತ್ಯಾಸವು ಮನುಷ್ಯನಿಗೆ ಅಲ್ಪವೆಂದು ತೋರಬಹುದು. ಆದರೆ ಹೂ ಬಿಡುವ ಕಾಲ, ಕಾಯಿ ಮಾಗುವ ಕಾಲ, ನೀರಿನ ಖರ್ಚು ಇವು ಮೂರೂ ಅದರಿಂದ ಬೇರೆಯಾಗುತ್ತವೆ.

ನೀರಿನ ಲೆಕ್ಕ

ತೆರೆದ ಬಾವಿಗಳು ಬತ್ತಿ ಬಹಳ ಕಾಲವಾಯಿತು. ಕೊಳವೆ ಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದಿವೆ. ಬಹಳ ಆಳದ ನೀರಿನಲ್ಲಿ ಫ್ಲೋರೈಡ್ ಇರುವ ಗ್ರಾಮಗಳೂ ಅನೇಕ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಬಳಸಿದ ನೀರನ್ನು ಶುದ್ಧಿ ಮಾಡಿ ಈ ಕಡೆಯ ಕೆರೆಗಳಿಗೆ ಹರಿಸುವ ಯೋಜನೆಯಿಂದ ಕೆಲವು ಕೆರೆಗಳ ಆಸುಪಾಸಿನಲ್ಲಿ ಅನುಕೂಲವಾಗಬಹುದು. ಆದರೂ ಮೂವತ್ತು ವರ್ಷ ಬಾಳುವ ಮರವನ್ನು ಪರರು ಬಿಡುವ ನೀರಿನ ಭರವಸೆಯ ಮೇಲೆ ನೆಡುವುದು ಜಾಣತನವೆನಿಸದು.

ರೈತನು ತನ್ನ ನೀರನ್ನು ತಾನೇ ಅಳೆಯಬಹುದು. ಏಪ್ರಿಲ್ ತಿಂಗಳಲ್ಲಿ, ಪಂಪು ಎರಡು ಗಂಟೆ ಓಡಿದ ಮೇಲೆ, ೨೦೦ ಲೀಟರಿನ ಒಂದು ಡ್ರಮ್ಮನ್ನು ಕೊಳವಿಯ ಬಾಯಿಗೆ ಇಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಗಡಿಯಾರದಲ್ಲಿ ನೋಡತಕ್ಕದ್ದು. ಪಂಪು ಹಾಕಿದ ಕೂಡಲೇ ಬರುವ ರಭಸದ ನೀರನ್ನು ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ಡ್ರಮ್ಮು ನಾಲ್ಕು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ ೫೦ ಲೀಟರು. ವಿದ್ಯುತ್ತು ದಿನಕ್ಕೆ ಆರು ಗಂಟೆ ಬಂದಿತೆಂದರೆ ೧೮,೦೦೦ ಲೀಟರು.

ಇನ್ನು ಖರ್ಚಿನ ಬಾಬು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಸುಮಾರು ೪,೦೦೦ ಲೀಟರಾಗುತ್ತದೆ. ಚಪ್ಪರ ತುಂಬ ಹಬ್ಬಿ ಕಾಯಿ ಹೊತ್ತ ದ್ರಾಕ್ಷಿಯ ಬಳ್ಳಿಯು ಬೇಸಗೆಯ ದಿನದಲ್ಲಿ ನಾಲ್ಕೈದು ಮಿಲಿಮೀಟರು ಕುಡಿಯುವುದರಿಂದ, ಎಕರೆಗೆ ದಿನವೊಂದಕ್ಕೆ ೧೬,೦೦೦ದಿಂದ ೨೦,೦೦೦ ಲೀಟರು ಬೇಕು. ಅಂದರೆ ಮೇಲಿನ ಬಾವಿಯು ಒಂದು ಎಕರೆ ದ್ರಾಕ್ಷಿಗೇ ಸರಿಹೋಯಿತು. ಬಾವಿ ಸ್ವಲ್ಪ ಸೊರಗಿದರೂ ಬೆಳೆಯು ಕೈಬಿಟ್ಟಂತೆ. ಅದೇ ಎಕರೆಯಲ್ಲಿ ೩೦ ಅಡಿಗೊಂದರಂತೆ ೪೮ ಮಾವಿನ ಸಸಿಗಳನ್ನು ನೆಟ್ಟು, ಮೊದಲ ಎರಡು ಬೇಸಗೆಗಳಲ್ಲಿ ನಾಲ್ಕು ದಿನಕ್ಕೊಮ್ಮೆ ಒಂದೊಂದಕ್ಕೆ ೨೦ ಲೀಟರು ಕೊಟ್ಟರೆ, ಒಂದು ಸರದಿಗೆ ಸಾವಿರ ಲೀಟರೂ ಹಿಡಿಯುವುದಿಲ್ಲ. ಕೊಳವೆ ಬಾವಿಯೇ ಇಲ್ಲದ ರೈತನು ಟ್ಯಾಂಕರಿನ ನೀರಿನಿಂದಲೂ ಇದನ್ನು ಸಾಗಿಸಬಹುದು. ಈ ಲೆಕ್ಕವನ್ನು ಮಾಡದೆ ನೆರೆಯವನ ತೋಟವನ್ನು ನೋಡಿ ಸಾಲ ತೆಗೆದು, ಆ ಸಾಲದಿಂದ ಮತ್ತೊಂದು ಕೊಳವೆ ಬಾವಿಯನ್ನು ಕೊರೆಸಿದ ಕುಟುಂಬಗಳ ಕಥೆಯನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಬೇಕಾದದ್ದಿಲ್ಲ.

ಯಾವ ನೆಲಕ್ಕೆ ಯಾವ ಮರ

ನಂದಿಯ ತಪ್ಪಲಿನಲ್ಲಿ, ಚಿಕ್ಕಬಳ್ಳಾಪುರದ ಸುತ್ತಿನಲ್ಲಿ, ನೀರುಳ್ಳವರಿಗೆ ದ್ರಾಕ್ಷಿಯು ಒಗ್ಗಿದ ಬೆಳೆ. ಇಲ್ಲಿ ಬೆಂಗಳೂರು ನೀಲಿ ಎಂಬ ಕಪ್ಪು ದ್ರಾಕ್ಷಿಯು ನಿಂತುದಕ್ಕೆ ಕಾರಣವನ್ನು ತಿಳಿಯುವುದು ಒಳ್ಳೆಯದು. ಮಹಾರಾಷ್ಟ್ರದ ಬೀಜವಿಲ್ಲದ ದ್ರಾಕ್ಷಿಯು ಮಾಗುವ ಕಾಲದಲ್ಲಿ ಮಳೆ ಬಿದ್ದರೆ ಒಡೆದು ಕೊಳೆಯುತ್ತದೆ. ಬೆಂಗಳೂರು ನೀಲಿಯು ಅಮೆರಿಕಾ ಖಂಡದ ದ್ರಾಕ್ಷಿಯ ಸಂಬಂಧವುಳ್ಳದ್ದಾದ್ದರಿಂದ ಸಿಪ್ಪೆ ದಪ್ಪ. ಕೆಲವು ರೋಗಗಳಿಗೂ ಅಷ್ಟಾಗಿ ಸೋಲದು. ವರ್ಷಕ್ಕೆ ಎರಡು ಸಲ ಕತ್ತರಿಸಿ ಎರಡು ಫಸಲನ್ನು ತೆಗೆಯಬಹುದು. ೨೦೧೩ನೆಯ ಇಸವಿಯಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ಆಯಿತು. ದಿಲ್‌ಖುಷ್ ದ್ರಾಕ್ಷಿಯು ನೋಟಕ್ಕೆ ಚೆಲುವು, ಬೆಲೆಯೂ ಹೆಚ್ಚು. ಆದರೆ ಔಷಧಿ ಸಿಂಪಡಿಸುವ ಖರ್ಚೂ ಅದರ ಬೆನ್ನ ಹಿಂದೆಯೇ ಬರುತ್ತದೆ. ನೆರೆಯ ದೇವನಹಳ್ಳಿಯ ಚಕ್ಕೋತವೂ ಹೀಗೆಯೇ ತನ್ನ ನೆಲದಿಂದ ಹೆಸರು ಪಡೆದದ್ದು. ಮನೆಯ ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದೆರಡು ಚಕ್ಕೋತದ ಗಿಡಗಳನ್ನು ಹಾಕಿಕೊಳ್ಳಲು ಅಡ್ಡಿಯಿಲ್ಲ.

ಚಿಂತಾಮಣಿಯ ಕೆಂಪು ಭೂಮಿಯಲ್ಲಿ ಮಾವು ಪ್ರಧಾನ. ಮಾವಿಗೆ ಹೂವು ಬರುವುದಕ್ಕೆ ಮುಂಚೆ ಎರಡು ತಿಂಗಳ ಒಣಗಾಲವು ಅವಶ್ಯಕ. ಅದನ್ನು ಈ ಸೀಮೆಯು ತಾನಾಗಿಯೇ ಒದಗಿಸುತ್ತದೆ. ಫಲಕ್ಕೆ ಬಂದ ಮರಕ್ಕೆ ನವೆಂಬರ್, ಡಿಸೆಂಬರಿನಲ್ಲಿ ನೀರು ಕಟ್ಟಿದರೆ ಹೂವಿಗೆ ಬದಲು ಚಿಗುರು ಹೊರಡುತ್ತದೆ. ಮರದ ಮೇಲಿನ ಪ್ರೀತಿಯಿಂದಲೇ ಇಂಥ ಅಪಚಾರವಾಗುವುದುಂಟು. ಕಾಯಿ ಕಡಲೆಯಷ್ಟು ಗಾತ್ರವಾದ ಮೇಲೆ ಎರಡು ಮೂರು ಸಲ ನೀರು ಕೊಟ್ಟರೆ ಅದು ಸಾರ್ಥಕ. ತಳಿಗಳಲ್ಲಿ ಬಾದಾಮಿಯು ರುಚಿಗೆ ಮೊದಲನೆಯದಾದರೂ ಒಂದು ವರ್ಷ ಬಿಟ್ಟು ಒಂದು ವರ್ಷ ಫಲಿಸುತ್ತದೆ. ಹೊರಗೆ ಚೆನ್ನಾಗಿದ್ದು ಒಳಗೆ ತಿರುಳು ಕೆಡುವ ದೋಷವೂ ಅದಕ್ಕುಂಟು. ತೋತಾಪುರಿ ಮತ್ತು ನೀಲಂ ಹೆಚ್ಚು ಕಡಿಮೆ ಪ್ರತಿ ವರ್ಷವೂ ಬಿಡುತ್ತವೆ. ಮಲ್ಲಿಕಾ, ರಸಪುರಿ, ಬೇನಿಷಾ ಪೇಟೆಯಲ್ಲಿ ಹಣ್ಣಾಗಿಯೇ ಮಾರತಕ್ಕವು.

ತೋತಾಪುರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಇದರ ಕಾಯಿಯು ಬಹಳವಾಗಿ ಹೋಗುವುದು ಚಿತ್ತೂರು ಕಡೆಯ ತಿರುಳು ತೆಗೆಯುವ ಕಾರ್ಖಾನೆಗಳಿಗೆ. ೨೦೨೫ನೆಯ ಇಸವಿ ಜೂನ್ ತಿಂಗಳಲ್ಲಿ ಚಿತ್ತೂರು ಜಿಲ್ಲೆಯ ಅಧಿಕಾರಿಗಳು ಹೊರರಾಜ್ಯದ ತೋತಾಪುರಿಯನ್ನು ಒಳಕ್ಕೆ ಬಿಡದೆ ತಡೆದಾಗ, ಬೆಲೆಯು ಮೊದಲೇ ಕುಸಿದಿದ್ದ ಈ ಸೀಮೆಯ ಬೆಳೆಗಾರರು ಬಹಳ ಕಷ್ಟಕ್ಕೆ ಸಿಕ್ಕಿದರು. ಹವೆಗೆ ಒಪ್ಪಿದ ಮರವಾದರೂ ಅದನ್ನೊಂದನ್ನೇ ಹೊಲದ ತುಂಬ ನೆಟ್ಟವನು ಒಬ್ಬನೇ ಖರೀದಿದಾರನ ಬಾಗಿಲಿಗೆ ಕಟ್ಟುಬಿದ್ದಂತಾಗುತ್ತದೆ. ಐದು ಎಕರೆಯುಳ್ಳವನು ಮೂರು ತಳಿಗಳನ್ನಾದರೂ ಮಿಶ್ರಮಾಡಿ ನೆಡುವುದು ಒಳ್ಳೆಯದು. ಬೇರೆ ತಳಿಯ ಪರಾಗವು ದೊರೆತು ಕಾಯಿ ಕಟ್ಟುವುದಕ್ಕೂ ಇದರಿಂದ ಸಹಾಯವಾಗುತ್ತದೆ.

ಚಿಂತಾಮಣಿಯ ಸಂಶೋಧನಾ ಕೇಂದ್ರದಲ್ಲಿ ಆಯ್ದು ೧೯೯೩ರಲ್ಲಿ ಹೊರತಂದ ‘ಚಿಂತಾಮಣಿ–೧’ ಎಂಬ ಗೋಡಂಬಿಯ ತಳಿಯು ಬಯಲುಸೀಮೆಗೇ ತಕ್ಕದ್ದು. ಗೋಡಂಬಿಯು ಕರಾವಳಿಯ ಮರವೆಂದು ಅದನ್ನು ಬಿಟ್ಟವರು ಈ ತಳಿಯನ್ನು ವಿಚಾರಿಸಬಹುದು.

ಗೌರಿಬಿದನೂರಿನ ಒಣ ಸೆಕೆಗೆ ದಾಳಿಂಬೆಯು ಸ್ವಭಾವತಃ ಹೊಂದುತ್ತದೆ. ಗಡಿಗೆ ತಗುಲಿದ ಮಧುಗಿರಿಯ ಹೆಸರಿನಲ್ಲಿಯೇ ಹಿಂದಿನ ಒಂದು ದಾಳಿಂಬೆ ತಳಿಯುಂಟು. ಈಗ ಎಲ್ಲೆಡೆಯೂ ನೆಡುತ್ತಿರುವುದು ಭಗವಾ ಎಂಬ ಕೆಂಪು ಜಾತಿ. ಇದಕ್ಕೆ ದುಂಡಾಣು ಅಂಗಮಾರಿ ರೋಗವೇ ಶತ್ರು. ಎಲೆಯ ಮೇಲೂ ಕಾಯಿಯ ಮೇಲೂ ಎಣ್ಣೆ ತಾಗಿದಂಥ ಚುಕ್ಕೆಗಳು ಬಂದು, ಕಾಯಿ ಸೀಳಿ, ತೋಟವೇ ನಿಂತುಹೋಗುತ್ತದೆ. ಈ ರೋಗವು ಮಳೆಯ ಹನಿಯೊಂದಿಗೆ ಹರಡುವುದರಿಂದ, ಮಳೆಗಾಲದಲ್ಲಿ ಕಾಯಿ ಹೊರಿಸದೆ, ಹಿಂಗಾರು ಮಳೆ ಮುಗಿದ ಮೇಲೆ ಹೂವು ಬರುವಂತೆ ನೀರು ನಿಲ್ಲಿಸಿ ಕತ್ತರಿಸತಕ್ಕದ್ದು. ರೋಗದ ತೋಟದಿಂದ ಕಡ್ಡಿಯನ್ನಾಗಲಿ ಕತ್ತರಿಯನ್ನಾಗಲಿ ಎರವಲು ತರಕೂಡದು. ಸೀಬೆಯ ಅಲಹಾಬಾದ್ ಸಫೇದಾ ಮತ್ತು ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ, ಖಿರ್ಣಿಯ ಬೇರುಗಿಡಕ್ಕೆ ಕಸಿಕಟ್ಟಿದ ಸಪೋಟ, ಇವುಗಳನ್ನು ಸಾಧಾರಣ ನೀರಿನಲ್ಲಿ ಬೆಳೆಯಬಹುದು.

ಶಿಡ್ಲಘಟ್ಟದ ರೈತನು ಎಲ್ಲರಿಗಿಂತ ಒಂದು ಹೆಚ್ಚಿನ ವಿಷಯವನ್ನು ನೋಡಬೇಕಾಗಿದೆ. ಅವನ ಮನೆಯ ಜೀವನವು ರೇಷ್ಮೆಯ ಗೂಡಿನಿಂದ ನಡೆಯುತ್ತದೆ. ದ್ರಾಕ್ಷಿಗೂ ದಾಳಿಂಬೆಗೂ, ಹೂವಿನ ಕಾಲದಲ್ಲಿ ಮಾವಿನ ಜಿಗಿಹುಳುವಿಗೂ ಸಿಂಪಡಿಸುವ ಕೀಟನಾಶಕವು ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪನ್ನು ತಿಂದ ಹುಳುಗಳು ಹಣ್ಣಾಗುವ ಹೊತ್ತಿಗೆ ಸಾಯುತ್ತವೆ. ಇಪ್ಪತ್ತೈದು ದಿನಗಳ ದುಡಿಮೆ ಒಂದು ರಾತ್ರಿಯಲ್ಲಿ ಮಣ್ಣಾಗುತ್ತದೆ. ನೆರೆಹೊರೆಯ ಜಗಳಗಳಿಗೂ ಇದು ಕಾರಣ. ಆದ್ದರಿಂದ ಹಿಪ್ಪುನೇರಳೆಯ ಪಕ್ಕದ ಜಮೀನಿಗೆ ಔಷಧಿಯ ಅವಶ್ಯಕತೆ ಕಡಿಮೆಯಾದ ಮರಗಳನ್ನೇ ಆರಿಸತಕ್ಕದ್ದು: ಹಲಸು, ನೇರಳೆ, ಹುಣಸೆ, ಬೆಟ್ಟದ ನೆಲ್ಲಿ, ಸಪೋಟ. ಇವುಗಳ ನೆರಳು ಸೊಪ್ಪಿನ ಸಾಲಿಗೆ ಬೀಳದಂತೆ ಉತ್ತರದ ಬದುವಿನಲ್ಲಿ ನೆಡುವುದು ಮೇಲು. ಹಲಸಿನಲ್ಲಿ ದೊಡ್ಡಬಳ್ಳಾಪುರ ಕಡೆಯ ತೂಬಗೆರೆಯ ಕೆಂಪು ತೊಳೆಯ ಮರಗಳಿಂದ ಕಸಿ ದೊರೆತರೆ ಬಿಡಬೇಡಿರಿ. ಬೀಜದಿಂದ ಎದ್ದ ಹಲಸು ತಾಯಿಯಂತೆಯೇ ಇರುವುದೆಂಬ ಭರವಸೆಯಿಲ್ಲ.

ನೀರೇ ಇಲ್ಲದ ಖುಷ್ಕಿ ಮತ್ತು ಕಲ್ಲುಗುಡ್ಡೆಗಳಿಗೆ ಸೀತಾಫಲ, ಹುಣಸೆ, ಎಲಚಿ, ನೇರಳೆ ಇವೇ ಗತಿ. ಗತಿ ಎಂದು ಕೀಳಾಗಿ ಎಣಿಸಬೇಕಾದದ್ದಿಲ್ಲ. ಬರಗಾಲದ ವರ್ಷದಲ್ಲಿ ಮನೆಗೆ ನಾಲ್ಕು ಕಾಸು ತಂದದ್ದು ಬದುವಿನ ಹುಣಸೆಯೇ ಎಂದು ಹಿರಿಯರು ಬಲ್ಲರು.

ಸೇಬಿನ ವಿಚಾರ

ಈಚೆಗೆ ಸಸಿ ಮಾರುವವರು "ನಂದಿಬೆಟ್ಟ ತಂಪು, ಇಲ್ಲಿ ಸೇಬು ಬರುತ್ತದೆ" ಎಂದು ಹೇಳುತ್ತಿರುವುದುಂಟು. ನಂದಿಯ ನೆತ್ತಿಯು ೪,೮೫೧ ಅಡಿ. ರೈತನ ಜಮೀನು ಅದರ ಬುಡದಲ್ಲಿದೆ. ಸಾಮಾನ್ಯ ಜಾತಿಯ ಸೇಬಿನ ಮೊಗ್ಗು ಎಚ್ಚರಗೊಳ್ಳಬೇಕಾದರೆ ಚಳಿಗಾಲದಲ್ಲಿ ೭ ಡಿಗ್ರಿಗಿಂತ ಕಡಿಮೆಯ ಚಳಿಯು ಸುಮಾರು ಸಾವಿರ ಗಂಟೆಗಳ ಕಾಲ ಬೀಳಬೇಕು. ನಮ್ಮ ಬಯಲಿನಲ್ಲಿ ಪುಷ್ಯಮಾಸದ ರಾತ್ರಿಯೂ ಆ ಮಟ್ಟಕ್ಕೆ ಇಳಿಯುವುದು ಅಪರೂಪ. ಅನ್ನಾ, ಡಾರ್ಸೆಟ್ ಗೋಲ್ಡನ್, ಹಿಮಾಚಲ ಪ್ರದೇಶದ ಬಿಲಾಸಪುರ ಜಿಲ್ಲೆಯಲ್ಲಿ ರೈತರೊಬ್ಬರು ಆಯ್ದ ‘ಹರಿಮನ್ ೯೯’ ಮುಂತಾದ, ಚಳಿ ಅಷ್ಟಾಗಿ ಬೇಡದ ಜಾತಿಗಳು ಇರುವುದು ನಿಜ. ಜಾವಾ ದ್ವೀಪದಲ್ಲಿ ಎಲೆಗಳನ್ನು ಕೈಯಿಂದ ಕಿತ್ತು ಗಿಡವನ್ನು ಹೂವಿಗೆ ಎಬ್ಬಿಸುವ ಪದ್ಧತಿಯೂ ಉಂಟು. ಬೆಂಗಳೂರಿನಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ರೋಮ್ ಬ್ಯೂಟಿ ಎಂಬ ಸೇಬನ್ನು ಬೆಳೆಯುತ್ತಿದ್ದರು. ಅದು ವ್ಯಾಪಾರದ ಬೆಳೆಯಾಗಿ ಉಳಿಯಲಿಲ್ಲ. ಕುತೂಹಲವಿದ್ದವರು ಹಿತ್ತಿಲಲ್ಲಿ ಎರಡು ಸಸಿಗಳನ್ನು ಹಾಕಿ ಐದು ವರ್ಷ ನೋಡಲಿ. ಒಂದು ಎಕರೆಯನ್ನು ಅದಕ್ಕೆ ಕೊಡಬಾರದು.

ನೆಡುವ ಕ್ರಮ

ಜಾಗವನ್ನು ಗೊತ್ತುಮಾಡುವ ಮುಂಚೆ ಹೊಲದ ಮೂರು ಕಡೆ ಮೂರು ಅಡಿ ಆಳದ ಕುಳಿ ತೆಗೆದು ನೋಡಿರಿ. ಕೆಳಗೆ ಗಟ್ಟಿ ಜಂಬೆಯಾಗಲಿ ಸುಣ್ಣಕಲ್ಲಾಗಲಿ ಸಿಕ್ಕಿದರೆ, ಅಥವಾ ಕುಳಿಗೆ ತುಂಬಿದ ನೀರು ಮಾರನೆಯ ದಿನವೂ ನಿಂತಿದ್ದರೆ, ಅಲ್ಲಿ ಮಾವು, ಸಪೋಟ, ಹಲಸುಗಳು ಬಹುಕಾಲ ಬಾಳುವುದಿಲ್ಲ. ಆ ಹೊಲದ ಬದುವಿನಲ್ಲಿ ಯಾರ ಆರೈಕೆಯೂ ಇಲ್ಲದೆ ನಿಂತಿರುವ ಹಳೆಯ ಮರಗಳನ್ನು ಗಮನಿಸಿದರೆ ಅರ್ಧ ಉತ್ತರ ಅಲ್ಲಿಯೇ ದೊರೆಯುತ್ತದೆ.

ಕುಳಿಗಳನ್ನು ಮೂರು ಅಡಿ ಉದ್ದ, ಅಗಲ, ಆಳಕ್ಕೆ ಏಪ್ರಿಲ್‌ನಲ್ಲಿಯೇ ತೋಡಿ ಬಿಸಿಲಿಗೆ ಬಿಡತಕ್ಕದ್ದು. ಮೇಲ್ಮಣ್ಣನ್ನು ಒಂದು ಕಡೆ, ಅಡಿಯ ಮಣ್ಣನ್ನು ಇನ್ನೊಂದು ಕಡೆ ಹಾಕಿ, ತುಂಬುವಾಗ ಮೇಲ್ಮಣ್ಣಿಗೆ ಎರಡು ಮೂರು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಕಲಸಿ ಕೆಳಕ್ಕೆ ಹಾಕಬೇಕು. ಹಸಿ ಗೊಬ್ಬರವು ಗೆದ್ದಲನ್ನು ಕರೆಯುತ್ತದೆ. ಜೂನ್, ಜುಲೈ ತಿಂಗಳಲ್ಲಿ ಒಂದೆರಡು ಹದಮಳೆಯಾದ ಮೇಲೆ, ಸಂಜೆಯ ಹೊತ್ತು, ಬೇರಿನ ಮುದ್ದೆ ಒಡೆಯದಂತೆ ನೆಟ್ಟು ಊರುಗೋಲು ಕಟ್ಟಿರಿ. ಕಸಿಯ ಗಂಟು ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಲು ಮರೆಯಬಾರದು. ಗಂಟಿನ ಕೆಳಗೆ ಹೊರಡುವ ಚಿಗುರು ಬೇರುಗಿಡದ್ದು. ಅದನ್ನು ಬಿಟ್ಟರೆ ಬಾದಾಮಿ ಸತ್ತು ಕಾಡುಮಾವು ಬೆಳೆಯುತ್ತದೆ.

ಸಸಿಯನ್ನು ಕೊಳ್ಳುವಾಗ ಎತ್ತರಕ್ಕೆ ಮರುಳಾಗಬೇಡಿರಿ. ಒಂದು ವರ್ಷದ, ಬೆರಳು ದಪ್ಪದ, ಬೇರು ಚೀಲದೊಳಗೆ ಸುತ್ತಿಕೊಳ್ಳದ ಸಸಿಯೇ ಉತ್ತಮ. ತೋಟಗಾರಿಕೆ ಇಲಾಖೆಯ ಕ್ಷೇತ್ರದಲ್ಲಿಯೋ ಲೈಸೆನ್ಸುಳ್ಳ ಸಸ್ಯಕ್ಷೇತ್ರದಲ್ಲಿಯೋ ತಾಯಿಮರವನ್ನು ತೋರಿಸಿರೆಂದು ಕೇಳಿ, ತಳಿಯ ಹೆಸರು ಬರೆದ ರಸೀತಿಯನ್ನು ಪಡೆದು ಇಟ್ಟುಕೊಳ್ಳತಕ್ಕದ್ದು.

ಮೊದಲ ಮೂರು ವರ್ಷ ಬರುವ ಹೂವನ್ನು ಚಿವುಟಿಹಾಕಬೇಕು. ಸಾಲುಗಳ ನಡುವೆ ಕಡಲೆಕಾಯಿ, ಹುರುಳಿ, ಅವರೆ ಬೆಳೆಯಬಹುದು. ಮುಸುಕಿನ ಜೋಳ, ಕಬ್ಬು ಕೂಡದು. ಬೇಸಗೆಯಲ್ಲಿ ಪಾತಿಗೆ ಒಣ ಎಲೆಯ ಹೊದಿಕೆ ಕೊಟ್ಟು, ಎಳೆಯ ಕಾಂಡಕ್ಕೆ ಸುಣ್ಣ ಬಳಿದು, ಫೆಬ್ರವರಿಯೊಳಗೆ ತೋಟದ ಸುತ್ತ ಎರಡು ಗಜ ಅಗಲಕ್ಕೆ ಹುಲ್ಲನ್ನು ಕೆತ್ತಿಸಿಬಿಡಬೇಕು. ಬೆಟ್ಟದ ಕಡೆಯಿಂದ ಬರುವ ಕಿಚ್ಚು ಒಂದು ಮಧ್ಯಾಹ್ನದಲ್ಲಿ ಮೂರು ವರ್ಷದ ಗಿಡಗಳನ್ನು ಸುಟ್ಟುಬಿಡುತ್ತದೆ.