ಬೆಟ್ಟದ ಬುಡದ ಬುತ್ತಿ

ಕ್ರಿಸ್‌ಮಸ್ ಕಳೆದ ಮೇಲಿನ ಭಾನುವಾರ ನಾವು ಗೆಳತಿಯರೆಲ್ಲ ಮಾಲೇಕಲ್ಲು ತಿರುಪತಿಗೆ ಹೋಗುತ್ತೇವೆ. ಅರಸೀಕೆರೆಯವರು ನಾಲ್ವರು, ಬಾಣಾವರದವಳೊಬ್ಬಳು, ಬೇಲೂರಿನಿಂದ ಬರುವವಳೊಬ್ಬಳು, ಗಂಡನ ರೈಲ್ವೆ ನೌಕರಿಯಿಂದಾಗಿ ವಿಜಯಪುರದಿಂದ ಬಂದು ನಮ್ಮೂರಿನವಳೇ ಆದವಳೊಬ್ಬಳು. ಮನೆಯವರು, ಮಕ್ಕಳು ಸೇರಿದರೆ ಹನ್ನೆರಡರಿಂದ ಹದಿನೈದು ತಟ್ಟೆ. ಬೆಳಿಗ್ಗೆ ಮೆಟ್ಟಿಲು ಹತ್ತಿ ವೆಂಕಟರಮಣನ ದರ್ಶನ, ಇಳಿದು ಬಂದು ಬುಡದಲ್ಲಿ ಗೋವಿಂದರಾಜಸ್ವಾಮಿಗೆ ಒಂದು ನಮಸ್ಕಾರ, ಆಮೇಲೆ ಮರದ ನೆರಳಿನಲ್ಲಿ ಜಮಖಾನ ಹಾಸಿ ಡಬ್ಬಿ ಬಿಚ್ಚುವುದು. ಆಷಾಢದ ತೇರಿನ ಹೊತ್ತಿಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರಿನಲ್ಲಿ ಬಿಸಿಲೂ ಹಿತ, ಜನವೂ ಹಿತ.

ನನ್ನ ಮಗಳು ಇದನ್ನು ಪಾಟ್‌ಲಕ್ ಅನ್ನುತ್ತಾಳೆ. ನಾವು ಬುತ್ತಿ ಊಟ ಅನ್ನುತ್ತೇವೆ. ಹದಿನೆಂಟು ವರ್ಷ ಬುತ್ತಿ ಕಟ್ಟಿ, ಕೆಡಿಸಿ, ಚೆಲ್ಲಿ, ಕೋತಿಗೆ ಕೊಟ್ಟು ಕಲಿತದ್ದು ಇಷ್ಟು.

1. ಒಲೆಯ ಮುಂದೆ ನಿಂತು ರುಚಿ ನೋಡಿ ಮೋಸ ಹೋಗಬೇಡಿ. ನಾವು ಅಡುಗೆ ಮಾಡುವುದು ಬೆಳಗಿನ ಆರು ಗಂಟೆಗೆ, ಉಣ್ಣುವುದು ಮಧ್ಯಾಹ್ನ ಒಂದೂವರೆಗೆ. ಆ ಏಳೂವರೆ ಗಂಟೆ ಡಬ್ಬಿಯೊಳಗೆ ಏನಾಗುತ್ತದೆ ಅನ್ನುವುದೇ ಬುತ್ತಿಯ ವಿದ್ಯೆ. ಮೊದಲ ವರ್ಷ ನಾನು ಒತ್ತು ಶಾವಿಗೆ, ಕಾಯಿಹಾಲು ಒಯ್ದಿದ್ದೆ. ಒರಳಿನಿಂದ ಇಳಿದಾಗ ಮಲ್ಲಿಗೆ ದಂಡೆಯ ಹಾಗಿತ್ತು. ಬೆಟ್ಟ ಇಳಿದು ಮುಚ್ಚಳ ತೆಗೆದರೆ ಒಂದೇ ಮುದ್ದೆ. ಚಾಕುವಿನಲ್ಲಿ ಕೊಯ್ದು ಹಂಚಿದೆ. ಕಾಯಿಹಾಲು ಅಷ್ಟರಲ್ಲಿ ಹುಳಿ ತಿರುಗಿತ್ತು. ಪಕ್ಕದಲ್ಲಿದ್ದವಳ ಪುಳಿಯೋಗರೆಯ ಡಬ್ಬಿ ಹತ್ತು ನಿಮಿಷಕ್ಕೆ ಖಾಲಿ. ಅಂದಿನಿಂದ, ಹೊಸದೇನನ್ನಾದರೂ ಒಯ್ಯಬೇಕು ಅನ್ನಿಸಿದರೆ ಹಿಂದಿನ ವಾರವೇ ಒಮ್ಮೆ ಮಾಡಿ, ಡಬ್ಬಿಗೆ ತುಂಬಿ, ಅಡುಗೆಮನೆಯ ಮೂಲೆಯಲ್ಲಿಟ್ಟು, ಮಧ್ಯಾಹ್ನ ಒಂದೂವರೆಗೆ ತೆಗೆದು ತಿನ್ನುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

2. ಹೊತ್ತು ಕಳೆದಷ್ಟೂ ರುಚಿ ಏರುವ ಅಡುಗೆ ಹುಡುಕಿಕೊಳ್ಳಿ. ಪುಳಿಯೋಗರೆ ಅಂಥದ್ದು. ಮೊದಲ ವರ್ಷದ ಅವಮಾನದ ನಂತರ ನಾನು ಅದಕ್ಕೇ ಅಂಟಿಕೊಂಡೆ. ಎರಡು ಪಾವು ಅಕ್ಕಿಗೆ ಎರಡು ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಅದರ ಅರ್ಧದಷ್ಟು ಬೆಲ್ಲ. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಕಾಳುಮೆಣಸು, ಚಿಟಿಕೆ ಮೆಂತ್ಯ ಹುರಿದು ಪುಡಿ ಮಾಡಿ, ಹುಣಸೆರಸದಲ್ಲಿ ಎಣ್ಣೆ ಬಿಡುವವರೆಗೂ ಕುದಿಸಬೇಕು. ಅವಸರ ಮಾಡಿ ನೀರು ನೀರಾಗಿರುವಾಗಲೇ ಇಳಿಸಿದ ಗೊಜ್ಜು ಮಧ್ಯಾಹ್ನದ ಹೊತ್ತಿಗೆ ಅನ್ನವನ್ನು ಮುದ್ದೆ ಮಾಡುತ್ತದೆ. ನಾನು ಗೊಜ್ಜನ್ನು ಹಿಂದಿನ ದಿನ ರಾತ್ರಿಯೇ ಮಾಡಿಟ್ಟುಬಿಡುತ್ತೇನೆ. ಅಕ್ಕಿ ಹಳೆಯದಿರಬೇಕು, ಅನ್ನ ಉದುರುದುರಾಗಬೇಕು. ಅದನ್ನು ಅಗಲವಾದ ತಟ್ಟೆಗೆ ಹರವಿ, ಎಳ್ಳೆಣ್ಣೆ ಸುರಿದು, ಪೂರ್ತಿ ಆರಿದ ಮೇಲೆ ಗೊಜ್ಜು ಕಲಸಬೇಕು. ಬಿಸಿ ಅನ್ನವನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಒಳಗಿನ ಹಬೆಯೇ ನೀರಾಗಿ ಇಳಿದು ಅನ್ನ ಹಳಸುತ್ತದೆ. ಹುರಿದ ಕಡಲೆಕಾಯಿ ಬೀಜ, ಎಳ್ಳುಪುಡಿ ಬೇರೆ ಪೊಟ್ಟಣದಲ್ಲಿರಲಿ, ಬಡಿಸುವ ಮುಂಚೆ ಬೆರೆಸಿ. ಬೆಳಿಗ್ಗೆಯೇ ಬೆರೆಸಿದರೆ ಬೀಜ ಮೆತ್ತಗಾಗಿ, ಬೇಯಿಸಿದ ಕಡಲೆಕಾಯಿ ತಿಂದ ಹಾಗಿರುತ್ತದೆ.

3. ಹಸಿಕಾಯಿ ಮನೆಗೆ, ಕೊಬ್ಬರಿ ಬೆಟ್ಟಕ್ಕೆ. ಅರಸೀಕೆರೆ, ತಿಪಟೂರಿನ ಕಡೆಯವರ ಕೈ ತೆಂಗಿನಕಾಯಿಯ ವಿಷಯದಲ್ಲಿ ತಡೆಯುವುದಿಲ್ಲ. ಪಲ್ಯಕ್ಕೂ ತುರಿ, ಕೋಸಂಬರಿಗೂ ತುರಿ, ಉಪ್ಪಿಟ್ಟಿಗೂ ತುರಿ. ಆದರೆ ಬುತ್ತಿಯಲ್ಲಿ ಮೊದಲು ಕೆಡುವುದೇ ಹಸಿ ತುರಿ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡಲು ಕಾಯಿಯನ್ನು 8ರಿಂದ 12 ತಿಂಗಳು ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರೆಲ್ಲ ಇಂಗಿ ತಿರುಳು ಚಿಪ್ಪನ್ನು ಬಿಟ್ಟು ಲೊಡಲೊಡ ಅನ್ನುವವರೆಗೂ ಕಾಯುತ್ತಾರೆ. ನೀರು ಹೋಯಿತೆಂದರೆ ಕೆಡುವ ಭಯವೂ ಹೋಯಿತು. ಅಟ್ಟಕ್ಕೆ ಗೊತ್ತಿರುವ ಈ ವಿಷಯ ನನಗೆ ಗೊತ್ತಾಗಲು ನಾಲ್ಕು ವರ್ಷ ಬೇಕಾಯಿತು. ಈಗ ನಮ್ಮ ಬುತ್ತಿಯಲ್ಲಿ ಕಾಯಿ ಚಟ್ನಿ ಇಲ್ಲ, ಹುಚ್ಚೆಳ್ಳು ಪುಡಿ ಇದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯ ಜೊತೆ ಬೆಳೆಯುವ ಹುಚ್ಚೆಳ್ಳನ್ನು ಘಮ್ ಅನ್ನುವ ಹಾಗೆ ಹುರಿದು, ಒಣಮೆಣಸಿನಕಾಯಿ, ಹುಣಸೆ, ಬೆಳ್ಳುಳ್ಳಿ, ಕೊಬ್ಬರಿ ಸೇರಿಸಿ ಕುಟ್ಟಿದರೆ ಹದಿನೈದು ದಿನಕ್ಕೂ ಏನೂ ಆಗುವುದಿಲ್ಲ. ಕಪ್ಪಗಿದೆ ಎಂದು ಬೇರೆ ಊರಿನಿಂದ ಬಂದ ಮಕ್ಕಳು ಮೊದಲು ಮೂಗು ಮುರಿಯುತ್ತವೆ. ಎರಡನೇ ತುತ್ತಿಗೆ ಡಬ್ಬಿ ಅವುಗಳ ಮುಂದೆಯೇ ಇರುತ್ತದೆ.

4. ಯಾರು ಏನು ತರುತ್ತಾರೆಂದು ಮೊದಲೇ ಕೇಳಿಕೊಳ್ಳಿ, ಅದರಲ್ಲೂ ಅವರೆಕಾಯಿ ಕಾಲದಲ್ಲಿ. ಒಂದು ವರ್ಷ ‘ಯಾರಿಗೆ ಏನು ಇಷ್ಟವೋ ಅದನ್ನೇ ತನ್ನಿ’ ಎಂದು ದೊಡ್ಡ ಮನಸ್ಸಿನಿಂದ ಬಿಟ್ಟೆವು. ಸೊಗಡಿನ ಕಾಯಿ ಸಂತೆಯಲ್ಲಿ ರಾಶಿ ಬಿದ್ದಿರುವ ದಿನ. ಮೊದಲ ಡಬ್ಬಿಯಲ್ಲಿ ಅವರೆಕಾಳು ಉಸ್ಲಿ. ಎರಡನೆಯದರಲ್ಲಿ ಅವರೆಕಾಳು ಉಪ್ಪಿಟ್ಟು. ಮೂರನೆಯದರಲ್ಲಿ ಅವರೆಕಾಳು ಹಾಕಿದ ಅಕ್ಕಿರೊಟ್ಟಿ.

“ಏನೇ, ನೀನೂ ಅವರೆಕಾಳೇನಾ?”

“ಹ್ಞೂಂ ಕಣೇ, ಇನ್ನೇನ್ ತರ್ಲಿ? ಮನೇಲಿ ಮೂಟೆ ಬಿದ್ದೈತೆ.”

ಬಾಣಾವರದವಳು ಕೊನೆಗೆ ಬಿಚ್ಚಿದ್ದು ಹಿತಕಿದ ಬೇಳೆ. ರಾತ್ರಿಯೆಲ್ಲ ಕಾಳು ನೆನೆಸಿ, ನಸುಕಿನಲ್ಲೆದ್ದು ಒಂದೊಂದನ್ನೇ ಹಿತಕಿದವಳ ಬೆರಳು ಸುಕ್ಕುಗಟ್ಟಿದ್ದನ್ನು ನೋಡಿ ಯಾರಿಗೂ ನಗಲು ಧೈರ್ಯ ಬರಲಿಲ್ಲ. ಎಲ್ಲವನ್ನೂ ತಿಂದೆವು. ಸಂಜೆ ವಾಪಸು ಬರುವಾಗ ಕಾರಿನ ಕಿಟಕಿ ಗಾಜು ಯಾರೂ ಏರಿಸಲಿಲ್ಲ.

ಈಗ ಅನ್ನ ಯಾರದು, ರೊಟ್ಟಿ ಯಾರದು, ಸಿಹಿ ಯಾರದು ಎಂದಷ್ಟೇ ವಾಟ್ಸಾಪಿನಲ್ಲಿ ಹಂಚಿಕೊಳ್ಳುತ್ತೇವೆ. ಅದಕ್ಕಿಂತ ಬಿಗಿ ಮಾಡುವುದಿಲ್ಲ. ಇಂಥದ್ದೇ ಪಲ್ಯ, ಇಷ್ಟೇ ಖಾರ ಎಂದು ಒಂದು ವರ್ಷ ಪಟ್ಟಿ ಹಾಕಿದ್ದೆವು, ಮದುವೆ ಮನೆಯ ಅಡುಗೆ ಭಟ್ಟರ ಚೀಟಿಯ ಹಾಗೆ. ಊಟ ಚೆನ್ನಾಗಿತ್ತು, ಮಜಾ ಬರಲಿಲ್ಲ.

5. ಸಾರು ತರಬೇಡಿ. ಕ್ಯಾರಿಯರ್ ಎಷ್ಟೇ ಗಟ್ಟಿ ಇರಲಿ, ಬೇಡ.

6. ಮೊಸರನ್ನಕ್ಕೆ ಮೊಸರು ಹಾಕಬೇಡಿ. ತಪ್ಪು ಬರೆದಿಲ್ಲ. ಅನ್ನವನ್ನು ಮೆತ್ತಗೆ ಮಾಡಿ ಹಿಸುಕಿ, ಉಗುರುಬೆಚ್ಚಗಿನ ಹಾಲು ಧಾರಾಳವಾಗಿ ಸುರಿದು, ಹೆಪ್ಪಿಗೆಂದು ಒಂದು ಚಮಚ ಮೊಸರು ಹಾಕಿ. ಡಬ್ಬಿಯಲ್ಲೇ ಹೆಪ್ಪಾಗುತ್ತ ಬಂದು, ಉಣ್ಣುವ ಹೊತ್ತಿಗೆ ಸರಿಯಾಗಿರುತ್ತದೆ. ಡಿಸೆಂಬರಿನ ಚಳಿಗೆ ಎರಡು ಚಮಚ ಬೇಕು. ಚಳಿಗಾಲದ ಲೆಕ್ಕ ಮರೆತ ವರ್ಷ ನಾವು ಉಂಡದ್ದು ಹಾಲನ್ನ. ಉಪ್ಪು, ಶುಂಠಿ, ದಾಳಿಂಬೆ ಕೊನೆಗೆ.

7. ರೊಟ್ಟಿ ತರುವವರು ಹಿಟ್ಟು ಉಕ್ಕರಿಸಬೇಕು. ತಣ್ಣೀರಿನಲ್ಲಿ ಕಲಸಿ ತಟ್ಟಿದ ಅಕ್ಕಿರೊಟ್ಟಿ ಕಾವಲಿಯಿಂದ ನೇರ ತಟ್ಟೆಗೆ ಬಂದರೆ ಸರಿ, ಡಬ್ಬಿಗೆ ಹೋದರೆ ಚಪ್ಪಲಿ. ಬೇಲೂರಿನವಳು ಮಲೆನಾಡಿನ ಸೆರಗಿನವಳು, ಕುದಿಯುವ ನೀರಿಗೆ ಹಿಟ್ಟು ಹಾಕಿ, ಕೋಲಿನಲ್ಲಿ ತಿರುವಿ, ಬಿಸಿ ಇರುವಾಗಲೇ ನಾದುತ್ತಾಳೆ. ಅವಳ ರೊಟ್ಟಿ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಸಂಜೆಗೂ ಮಡಚಲು ಬರುತ್ತದೆ. ಮೊದಮೊದಲು ಅಕ್ಕಿ ಕಡುಬು ತರುತ್ತಿದ್ದಳು. ಆರಿದ ಕಡುಬು ಕಲ್ಲು. ಅವಳಿಗೆ ಅದನ್ನು ಹೇಳುವ ಹೊಣೆ ನನ್ನ ಮೇಲೆ ಬಿತ್ತು. ಎರಡು ವರ್ಷ ನನ್ನ ಪುಳಿಯೋಗರೆಗೆ ಉಪ್ಪು ಕಡಿಮೆ ಎಂದಳು.

ಆದರೆ ಬುತ್ತಿ ವಿದ್ಯೆಯಲ್ಲಿ ನಾವೆಲ್ಲ ಒಂದು ಕಡೆ, ವಿಜಯಪುರದವಳು ಒಂದು ಕಡೆ. ಖಡಕ್ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅವಳ ಡಬ್ಬಿಯಲ್ಲಿ ಕೆಡುವುದು ಒಂದೂ ಇಲ್ಲ, ಚೆಲ್ಲುವುದೂ ಇಲ್ಲ. ಅವರ ಕಡೆ ಇದೇ ಚಳಿಗಾಲದಲ್ಲಿ ಎಳ್ಳು ಅಮಾವಾಸ್ಯೆ ಬರುತ್ತದೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಹೊಲ ಇರುವವರು ಇಲ್ಲದವರು ಎಲ್ಲ ಕೂಡಿ ಕೂತು ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಕಾಳುಪಲ್ಯ, ಹೋಳಿಗೆ. “ನೀವು ಗುಡ್ಡಕ್ಕ ಬಂದು ಉಣ್ಣೋದನ್ನ ನಾವು ಹೊಲದಾಗ ಉಣ್ತೀವಿ ನೋಡ್ರಿ, ಅಷ್ಟ” ಎಂದಳು ಮೊದಲ ಸಲ. ಅವಳ ಎಣ್ಣೆಗಾಯಿಯೊಂದಿಗೆ ಬೇಲೂರಿನವಳ ಅಕ್ಕಿರೊಟ್ಟಿ ತಿಂದು ನೋಡಿ. ಯಾವ ಹೋಟೆಲಿನವರಿಗೂ ಈ ಜೋಡಿ ಹೊಳೆದಿಲ್ಲ ಅನ್ನುವುದು ನನಗೆ ಆಶ್ಚರ್ಯ.

8. ಕೋಸಂಬರಿಯನ್ನು ಅಲ್ಲೇ ಕಲಸಿ. ನೆನೆಸಿ ಬಸಿದ ಹೆಸರುಬೇಳೆ ಒಂದು ಡಬ್ಬಿ, ಹೆಚ್ಚಿದ ಸೌತೆಕಾಯಿ ಇನ್ನೊಂದು, ಒಗ್ಗರಣೆ ಪುಟ್ಟ ಬಟ್ಟಲಿನಲ್ಲಿ. ಉಪ್ಪು ಬಿದ್ದ ಸೌತೆ ನೀರು ಬಿಡಲು ಕಾಲು ಗಂಟೆ ಸಾಕು. ನಿಂಬೆಹಣ್ಣು ಹಿಂಡುವ ಕೆಲಸ ಮಕ್ಕಳಿಗೆ ಕೊಡಿ, ಬೀಜ ಬಿದ್ದರೆ ಬೀಳಲಿ.

9. ಡಬ್ಬಿಯಲ್ಲಿ ಏನೇನಿದೆ ಎಂದು ಬಾಯಿಬಿಟ್ಟು ಹೇಳಿ. ಧನುರ್ಮಾಸ ಹಿಡಿದವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಹುಚ್ಚೆಳ್ಳು ಪುಡಿಯನ್ನು ಅವರಿಗೆಂದೇ ಬೆಳ್ಳುಳ್ಳಿ ಇಲ್ಲದೆ ಒಂದು ಬಟ್ಟಲು ಬೇರೆ ಕುಟ್ಟುತ್ತೇನೆ. ಒಬ್ಬಳ ಮೊಮ್ಮಗನಿಗೆ ಕಡಲೆಕಾಯಿ ಬೀಜ ತಿಂದರೆ ಮೈಯೆಲ್ಲ ದದ್ದು. ಪುಳಿಯೋಗರೆಯ ಬೀಜ ಬೇರೆ ಪೊಟ್ಟಣದಲ್ಲಿರುವುದಕ್ಕೆ ಅದೂ ಒಂದು ಕಾರಣ. ನಮ್ಮಲ್ಲಿ ಕ್ರಿಶ್ಚಿಯನ್ ಗೆಳತಿಯೊಬ್ಬಳಿದ್ದಾಳೆ. ಅವಳಿಗಾಗಿಯೇ ಇಪ್ಪತ್ತೈದನೇ ತಾರೀಖು ಬಿಟ್ಟು ಭಾನುವಾರ ಇಟ್ಟುಕೊಂಡದ್ದು. ಹಬ್ಬಕ್ಕೆ ಕರಿದ ಕಲ್‌ಕಲ್, ಹೂವಿನ ಅಚ್ಚು ಅದ್ದಿ ಕರಿಯುವ ರೋಸ್ ಕುಕ್ಕಿ ತರುತ್ತಾಳೆ. ಮೊದಲ ವರ್ಷ ಮೊಟ್ಟೆ ಇದೆಯೋ ಇಲ್ಲವೋ ಎಂದು ಕೇಳಲು ಮೂವರಿಗೆ ಸಂಕೋಚ, ಹಾಗೇ ಬಿಟ್ಟರು. ಅವಳಿಗೆ ಅದು ಗೊತ್ತಾಯಿತು. ಮರುವರ್ಷ ಎರಡು ಡಬ್ಬಿ ಬಂತು. “ಇದು ಮೊಟ್ಟೆದು, ಇದು ಬರೀ ತೆಂಗಿನ ಹಾಲಿಂದು. ಕೇಳಿದ್ರೆ ನಾನೇನ್ ತಿಂದ್‌ಬಿಡ್ತಿದ್ನಾ ನಿಮ್ಮನ್ನ?” ತೆಂಗಿನ ಹಾಲಿನದೇ ಹೆಚ್ಚು ಗರಿಗರಿ ಎಂದು ಈಗ ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ, ಅವಳ ಗಂಡನೂ.

10. ಅಡುಗೆ ಬಾರದವರನ್ನು ಅಣಕಿಸಬೇಡಿ. ಅವರು ಬೇಕರಿಯಿಂದ ಖಾರಾ ಬನ್ ತರಲಿ. ಅಯ್ಯಂಗಾರ್ ಬೇಕರಿ ನಡೆಸುವವರಲ್ಲಿ ಎಷ್ಟೋ ಜನರ ಮೂಲ ನಮ್ಮ ಹಾಸನ ಜಿಲ್ಲೆಯೇ. ಅಂದಮೇಲೆ ಅದೂ ಊರಿನ ಅಡುಗೆಯೇ. ಬೆಟ್ಟ ಇಳಿದು ಕಾಲು ನಡುಗುತ್ತಿರುವಾಗ ಮೊದಲು ಖಾಲಿಯಾಗುವುದೂ ಆ ಪೊಟ್ಟಣವೇ.

11. ಎಲ್ಲರಿಗೂ ಸಾಲುವಷ್ಟು ತರಬೇಡಿ. ಪ್ರತಿಯೊಬ್ಬಳೂ ‘ಹನ್ನೆರಡು ಜನ ಇದ್ದಾರೆ’ ಎಂದು ಹನ್ನೆರಡು ಜನದ ಪೂರ್ತಿ ಊಟ ತಂದರೆ ಎಂಬತ್ತು ಜನಕ್ಕಾಗುವಷ್ಟು ಆಗುತ್ತದೆ. ಮೂರು ಬಗೆ ಅನ್ನ ಇದ್ದರೆ ತಲಾ ಎರಡು ಪಾವು ಅಕ್ಕಿಯ ಮೇಲೆ ಬೇಡ. ಕಡಿಮೆ ಬಿದ್ದೀತೆಂಬ ಭಯ ನಮ್ಮ ಹೆಂಗಸರ ರಕ್ತದಲ್ಲೇ ಇದೆ, ಬಲ್ಲೆ. ಆದರೂ ಪುಳಿಯೋಗರೆಗೆ ಜಗಳ ಬೀಳುವಷ್ಟು ಕಡಿಮೆ ಇದ್ದರೆ ಪುಳಿಯೋಗರೆಗೂ ಮರ್ಯಾದೆ. ಸಿಹಿಗೆ ಮಾತ್ರ ಲೆಕ್ಕ ಬೇಡ. ಕಾಯಿ ಒಬ್ಬಟ್ಟು ಎಷ್ಟು ತಂದರೂ ಉಳಿದದ್ದನ್ನು ನಾನು ನೋಡಿಲ್ಲ. (ಹಸಿಕಾಯಿ ಬೇಡ ಎಂದವಳು ಇವಳೇ ಅಲ್ಲವೇ ಅನ್ನಬೇಡಿ. ಬೆಲ್ಲದ ಜೊತೆ ನೀರಿಂಗುವವರೆಗೂ ಮಗುಚಿದ ಹೂರಣ ಅದು.)

12. ಕೂರುವ ಜಾಗ ಅಡುಗೆಯಷ್ಟೇ ಮುಖ್ಯ. ಬೆಟ್ಟದಲ್ಲಿ ಬುತ್ತಿ ಬಿಚ್ಚುವ ಸದ್ದಿಗೆ ಕೋತಿಗಳು ಎಲ್ಲಿಂದಲೋ ಇಳಿಯುತ್ತವೆ. ಬಾಳೆಹಣ್ಣಿನ ಚಿಪ್ಪು ಕಂಡರಂತೂ ಮುಗಿಯಿತು. ಹಣ್ಣು ಕೊನೆಯವರೆಗೂ ಚೀಲದೊಳಗಿರಲಿ, ಒಬ್ಬರು ಕೋಲು ಹಿಡಿದು ಕೂರಲಿ, ಅವರಿಗೆ ಮೊದಲ ಪಂಕ್ತಿ ತಪ್ಪಿದ್ದಕ್ಕೆ ಒಬ್ಬಟ್ಟು ಎರಡು ಹೆಚ್ಚು. ಡಬ್ಬಿಗಳನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬೆಟ್ಟ ಹತ್ತಬೇಡಿ. ನೆರಳಿನಲ್ಲಿ, ಮೆಟ್ಟಿಲು ಹತ್ತಲಾರದ ಹಿರಿಯರೊಬ್ಬರ ಕಾವಲಿನಲ್ಲಿ ಇಡಿ. ಬಾಳೆ ಎಲೆ ಗಾಳಿಗೆ ಮಗುಚುತ್ತದೆ, ತಟ್ಟೆ ಅವರವರ ಮನೆಯಿಂದಲೇ ಬರಲಿ.

ಒಂದು ವರ್ಷ ಬದಲಾವಣೆಗೆಂದು ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರ ಗುಡಿಯ ಹುಲ್ಲುಹಾಸಿನ ಮೇಲೆ ಜಮಖಾನ ಬಿಡಿಸುವಷ್ಟರಲ್ಲಿ ಕಾವಲುಗಾರ ಬಂದು, ಇಲ್ಲಿ ಊಟ ಮಾಡುವ ಹಾಗಿಲ್ಲ ಅಮ್ಮಾ ಎಂದ. ಸಂರಕ್ಷಿತ ಸ್ಮಾರಕದ ನಿಯಮ ಅದು, ನಾವು ತಿಳಿದು ಹೋಗಬೇಕಿತ್ತು. 1121ರ ಹೊತ್ತಿಗೆ ಶುರುವಾದ ಕೆತ್ತನೆಯ ಮೇಲೆ ನನ್ನ ಗೊಜ್ಜಿನ ಎಣ್ಣೆ ಬೀಳುವುದು ನನಗೂ ಬೇಡ. ಡಬ್ಬಿ ಹೊತ್ತು ದ್ವಾರಸಮುದ್ರದ ಕೆರೆ ಏರಿಯ ಕಡೆ ನಡೆದೆವು. ನೀರಿನ ಮೇಲಿಂದ ಬರುವ ಗಾಳಿಗೆ ಮೊಸರನ್ನ ಇನ್ನೊಂದು ಸುತ್ತು ಹೋಯಿತು.

13. ಪಾತ್ರೆಯ ಮೇಲೆ ಹೆಸರಿರಲಿ. ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆಗಳ ಮೇಲೆ ನಮ್ಮಮ್ಮಂದಿರು ಹೆಸರು ಕೆತ್ತಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಏಳು ಮನೆಯ ಡಬ್ಬಿಗಳು ಒಂದು ಜಮಖಾನದ ಮೇಲೆ ಸೇರಿದರೆ ವಾಪಸು ಹೋಗುವಾಗ ಯಾವ ಮುಚ್ಚಳ ಯಾರ ಮನೆಗೋ. ಅದರ ಮೇಲೆ, ಬೇರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬ ಶಾಸ್ತ್ರ ಬೇರೆ. ವಿಜಯಪುರದವಳ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಗಿ ಎರಡು ವರ್ಷವಾಯಿತು. ಅವಳ ತಾಯಿಯ ಹೆಸರು ಕೆತ್ತಿದ ಎಣ್ಣೆಗಾಯಿ ಡಬ್ಬಿ ನಮ್ಮ ಗೂಡಿನಲ್ಲೇ ಕೂತಿದೆ. ಈ ಸಲ ಬೆಳಗಿನ ರೈಲಿಗೆ ಬರುತ್ತೇನೆಂದು ಫೋನು ಮಾಡಿದ್ದಾಳೆ. ಹುಚ್ಚೆಳ್ಳು ಪುಡಿ ಕುಟ್ಟಿ ಆ ಡಬ್ಬಿಗೆ ಕಂಠದವರೆಗೂ ತುಂಬಿಟ್ಟಿದ್ದೇನೆ. ಮುಚ್ಚಳ ಬೇಲೂರಿನವಳ ಮನೆಯಲ್ಲಿದೆ. ಹುಡುಕುತ್ತಿದ್ದಾಳಂತೆ.