‘ಆಕರ: ಗೂಗಲ್’ ಎಂದು ಬರೆಯುವ ಮಕ್ಕಳಿಗೆ

ಪ್ರಾಜೆಕ್ಟ್ ವರದಿಯ ಕೊನೆಯ ಪುಟದಲ್ಲಿ ‘ಆಕರ: ಗೂಗಲ್’ ಎಂದಿದ್ದರೆ ತಪ್ಪು ವಿದ್ಯಾರ್ಥಿಯದಷ್ಟೇ ಅಲ್ಲ. ಆಕರ ಕೊಡಿ ಎನ್ನುತ್ತೇವೆ, ಹುಡುಕುವ ಬಗೆಯನ್ನು ತೋರಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಹೇಳಿಕೆ ಹಿಡಿದು ಶುರುಮಾಡಿ: ‘ಕ್ರಿ.ಶ. 450ರ ಹಲ್ಮಿಡಿ ಶಾಸನವೇ ಕನ್ನಡದ ಮೊದಲ ಶಾಸನ.’

ಮೊದಲು ಅದನ್ನು ಪ್ರಶ್ನೆಗಳಾಗಿ ಒಡೆಸಿ. 450 ಎಂದವರು ಯಾರು? ಏನು ನೋಡಿ ಹಾಗೆಂದರು? ಒಪ್ಪದವರಿದ್ದಾರೆಯೇ? ಆಮೇಲೆ ‘ಹಲ್ಮಿಡಿ’ಯ ಜೊತೆ ‘ಕಾಲನಿರ್ಣಯ’, ‘ಲಿಪಿ’ ಎಂಬ ಪದಗಳನ್ನೂ ಸೇರಿಸಿ, ಕನ್ನಡ, ಇಂಗ್ಲಿಷ್ ಎರಡರಲ್ಲೂ ಹುಡುಕಿಸಿ.

ವಿಕಿಪೀಡಿಯ ನೋಡಬೇಡಿ ಎನ್ನುವುದು ವ್ಯರ್ಥ. ನೋಡಲಿ, ಆದರೆ ನೇರ ಅಡಿಟಿಪ್ಪಣಿಗೆ ಇಳಿಯಲಿ. ಆ ಜಾಡು ಎಂ.ಎಚ್. ಕೃಷ್ಣ ಅವರು ಸಿದ್ಧಪಡಿಸಿದ, ಮೈಸೂರು ಪುರಾತತ್ತ್ವ ಇಲಾಖೆಯ 1936ರ ವಾರ್ಷಿಕ ವರದಿಗೆ ಒಯ್ಯುತ್ತದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಪಿಎಚ್‌.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’ ಇದೆ. ರೈಸರ ಹಾಸನ ಸಂಪುಟದಲ್ಲಿ ಹಲ್ಮಿಡಿ ಸಿಗಲಿಲ್ಲ ಎಂದು ಯಾರಾದರೂ ಬಂದರೆ ಉತ್ತರ ಹೇಳಿಬಿಡಬೇಡಿ, ಪುಸ್ತಕದ ಇಸವಿ ನೋಡಿಸಿ. ಅದು ಅಚ್ಚಾದದ್ದು 1902ರಲ್ಲಿ. ಶಾಸನ ಬೆಳಕಿಗೆ ಬಂದದ್ದು 1930ರ ದಶಕದಲ್ಲಿ.

ಮೂಲಪಾಠ ಓದಿದಾಗ ತರಗತಿಗೆ ಜೀವ ಬರುತ್ತದೆ. ಹದಿನಾರು ಸಾಲುಗಳ ಈ ಶಾಸನದಲ್ಲಿ ಇಸವಿಯೇ ಇಲ್ಲ! 450 ಎಂಬುದು ಲಿಪಿಯ ರೂಪ, ಅಲ್ಲಿ ಬರುವ ಕದಂಬ ಅರಸನ ಹೆಸರು ಇವುಗಳಿಂದ ಕಟ್ಟಿದ ಊಹೆ. ಶಾಸನವನ್ನು ಇನ್ನೂ ಈಚಿನದೆನ್ನುವ ವಿದ್ವಾಂಸರಿದ್ದಾರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಿಂಹಕಟಾಂಜನ ಶಾಸನ 370ರದು, ಹಾಗಾಗಿ ಅದೇ ಹಳೆಯದು ಎಂಬ ವಾದವೂ ಇದೆ. ಆ 370ಕ್ಕೂ ಇವೇ ಪ್ರಶ್ನೆ ಹಾಕಿಸಿ. ಪಠ್ಯಪುಸ್ತಕ ಸುಳ್ಳು ಹೇಳಿತು ಎಂದು ಮಕ್ಕಳು ಹಾರಾಡಬಹುದು. ‘ಸುಮಾರು’ ಎಂಬ ಪದ ಎಲ್ಲಿ ಬಿದ್ದುಹೋಯಿತು ಎಂದು ಹುಡುಕಲು ಹಚ್ಚಿ.

ಐದು ಜಾಲತಾಣಗಳಲ್ಲಿ ಒಂದೇ ವಾಕ್ಯ ಅಕ್ಷರಶಃ ಇದ್ದರೆ ಅವನ್ನು ಐದು ಆಕರವೆಂದು ಎಣಿಸಬಾರದು. ನಕಲಿನ ಮೂಲ ಒಂದೇ ಇರುತ್ತದೆ. ಚಾಟ್‌ಬಾಟ್ ಕೊಟ್ಟ ಪುಸ್ತಕದ ಹೆಸರನ್ನು ಗ್ರಂಥಾಲಯದ ಸೂಚಿಯಲ್ಲಿ ಹುಡುಕಿ, ಪುಟ ತೆರೆದು ನೋಡಿದ ಮೇಲಷ್ಟೇ ಬರೆಯಬೇಕು. ಇಲ್ಲದ ಪುಸ್ತಕವನ್ನೂ ಅದು ಧೈರ್ಯವಾಗಿ ಹೆಸರಿಸುತ್ತದೆ.

ಪಟ್ಟಿಯಲ್ಲಿ ಲೇಖಕ, ಕೃತಿ, ಇಸವಿ, ಪುಟ ಇರಲಿ. ಕೃಷ್ಣರ ವರದಿಯನ್ನು ಬೇರೊಬ್ಬರ ಪುಸ್ತಕದ ಮೂಲಕವಷ್ಟೇ ಕಂಡಿದ್ದರೆ ಆ ಪುಸ್ತಕದ ಹೆಸರನ್ನೇ ಬರೆಯಲಿ.